ಈ ಬಂಡೆಯ ಮೇಲೆ

ಬಳ್ಳಾರಿ ಕೌಲ್ ಬಜಾರಿನಲ್ಲಿ ನನ್ನ ಅಂಗಡಿ.
ಅಕ್ಷರಕ್ಕೆ ಮೂವತ್ತು, ಒತ್ತಕ್ಷರಕ್ಕೆ ನಲವತ್ತು.
ಯಾರ ಗೋರಿಯಾದರೂ ಉಳಿಗೆ ಒಂದೇ ಹಸಿವು.

ಮದ್ದಿನ ರಾಯಪ್ಪನ ಮಕ್ಕಳು ಬಂದರು,
ಮೂವರೂ, ಒಂದೇ ದಿನ, ಬೇರೆ ಬೇರೆ ಹೊತ್ತಿಗೆ.

ಬೆಳಿಗ್ಗೆ ಹಿರಿಯವ ಇನ್ನಾಸಪ್ಪ, ಕೊರಳಲ್ಲಿ ಜಪಸರ:
‘ಹುಲಿಗೆಪ್ಪಣ್ಣ, ರಾಯಪ್ಪ ಅಂದರೆ ನಮ್ಮಲ್ಲಿ ಪೇತ್ರ.
ಪೇತ್ರ ಅಂದರೆ ಬಂಡೆ.
ಈ ಬಂಡೆಯ ಮೇಲೆ ನನ್ನ ಧರ್ಮಸಭೆ ಕಟ್ಟುತ್ತೇನೆ
ಅಂತ ಸ್ವಾಮಿ ಹೇಳಿದ್ದು ಆ ಮನುಷ್ಯನಿಗೇ, ಹೆಸರು ಹಿಡಿದು.
ಕೆಳಗೆ ಎರಡು ಬೀಗದಕೈ ಕೆತ್ತು, ಅಡ್ಡಡ್ಡ.’

ಮಧ್ಯಾಹ್ನ ಸುಗುಣಮ್ಮ. ಮಿಷನ್ ಕಾಂಪೌಂಡಿನ ಸೊಸೆ,
ರಿಟೈರಾದ ಟೀಚರು, ಚೀಟಿಯಲ್ಲಿ ಬರೆದೇ ತಂದಿದ್ದಳು.
‘ಧರ್ಮಸಭೆ ಅಲ್ಲ, ಬರೀ ಸಭೆ.
ಬಂಡೆ ಅಂದರೆ ಆಳಲ್ಲ ಹುಲಿಗೆಪ್ಪ,
ಆ ಆಳಿನ ಬಾಯಿಂದ ಬಂದ ನಂಬಿಕೆಯ ಮಾತು.
ಅದೇ ಪೇತ್ರ ಕೋಳಿ ಕೂಗೋದರೊಳಗೆ ಮೂರು ಸಲ
ಕರ್ತನನ್ನ ಗೊತ್ತೇ ಇಲ್ಲ ಅಂದ.
ಅಂಥವನ ಮೇಲೆ ಯಾರಾದರೂ ಪಾಯ ಹಾಕ್ತಾರಾ?’
ಬೀಗದಕೈ ಬೇಡ, ತೆರೆದ ಪುಸ್ತಕ ಇರಲಿ.
ನಾನು ಲೆಕ್ಕ ಹಾಕಿದೆ: ಎಪ್ಪತ್ತು ರೂಪಾಯಿ ಉಳಿಯಿತು.

ಸಂಜೆ ಕಿರಿಯವ ಎಲೀಷ. ಕಾಲುವೆ ನೀರಲ್ಲಿ ಮುಳುಗೆದ್ದು
ಎರಡನೇ ಸಲ ಹುಟ್ಟಿದವನು; ಈಗ
ತಗಡಿನ ಶೆಡ್ಡಿನಲ್ಲಿ ಕೈಯೆತ್ತಿ ಹಾಡುತ್ತಾನೆ.
‘ಬಂಡೆ ಒಬ್ಬನೇ ಅಣ್ಣ. ಹೇಳಿದನಲ್ಲ, ಅವನೇ.
ತನ್ನ ಎದೆ ಮುಟ್ಟಿಕೊಂಡು ಹೇಳಿರಬೇಕು.
ಚಿತ್ರ ಬೇಡ, ಶಿಲುಬೆಯೂ ಬೇಡ,
ಮೇಣದಬತ್ತಿ ಇಡೋ ಗೂಡಂತೂ ಬೇಡವೇ ಬೇಡ.
ಅಪ್ಪ ಇಲ್ಲಿಲ್ಲ.’

ರಾತ್ರಿ ಕಲ್ಲಿನ ಮುಂದೆ ಸೀಮೆಸುಣ್ಣ ಹಿಡಿದು ಕೂತೆ.
ಜಗಳವೆಲ್ಲ ಒಂದೇ ಅಕ್ಷರದಲ್ಲಿ: ಈ.
ಆ ಅಂದರೆ ದೂರ, ಎತ್ತ ನೋಡಿದರೂ ನಡೆಯುತ್ತದೆ.
ಈ ಅನ್ನಬೇಕಾದರೆ ಬೆರಳು ಬೇಕು.
ಅಂದವನ ಬೆರಳು ಆಗ ಎತ್ತ ಇತ್ತು?
ಎದುರಿಗೆ ನಿಂತವನ ನೆತ್ತಿಗೋ, ತುಟಿಗೋ,
ತನ್ನದೇ ಎದೆಗೋ.
ಬರೆದುಕೊಂಡವರು ಮಾತು ಬರೆದರು,
ಬೆರಳು ಬರೆಯಲಿಲ್ಲ.

ರಾಯಪ್ಪನಿಗೂ ಆ ಬೆರಳು ಇರಲಿಲ್ಲ.
ಹುಸಿ ಹೋಯಿತು ಅಂದುಕೊಂಡ ಮದ್ದು
ಹತ್ತಿರ ಹೋಗಿ ಬಗ್ಗಿದಾಗ ಸಿಡಿದು
ಬಲಗೈಯ ತೋರುಬೆರಳು ಒಯ್ದಿತ್ತು.
ಕ್ವಾರಿಯ ನೆರಳಲ್ಲಿ ಬುತ್ತಿ ಬಿಚ್ಚುತ್ತ, ನಮ್ಮಪ್ಪನಿಗೆ
ಬಂಡೆ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಕಥೆ ಹೇಳುತ್ತಿದ್ದ:
‘ಕಟ್ಟಿದ್ದೇನೋ ಸರಿ. ಪಾಯಖಾನೆ ಗುಂಡಿ ಎಲ್ಲಿ ತೋಡಿದ?
ನಮ್ಮ ಓಣಿಗೆ ಬಂದು ಒಂದು ಮಾತು ಕೇಳಬೇಕಿತ್ತು.’
ಮಕ್ಕಳು ಇದನ್ನು ಮರೆತಿದ್ದಾರೆ,
ಇಲ್ಲವೇ ಅವರಿಗೆ ಅವನು ಹೇಳಿಯೇ ಇಲ್ಲ.

ಅವನ ಕುಣಿ ತೋಡುವಾಗ ನಾನಿದ್ದೆ.
ಮೂರಡಿಗೇ ಹಾರೆ ಠಣ್ ಅಂತು. ಕಿಡಿ.
ಕೆಳಗೆಲ್ಲ ಹಾಸುಬಂಡೆ, ಗುಡ್ಡದ ಬೇರು.
ಫಾದರು ಪುಸ್ತಕದ ಹಾಳೆಯೊಳಗೆ ಬೆರಳಿಟ್ಟು ಕಾದರು.
ಇನ್ನಾಸಪ್ಪ ಇಳಿದ. ಎಲೀಷ ಬೂಟು ಬಿಚ್ಚಿ ಇಳಿದ.
ಸುಗುಣಮ್ಮ ಸೆರಗು ಬಿಗಿದು ಬುಟ್ಟಿ ಹಿಡಿದಳು.
ಬೆವರು ಸುರಿಯಿತು, ಗೇಣೂ ಆಗಲಿಲ್ಲ.
ಸಾಕು ಅಂದರು ಯಾರೋ.
ಅಲ್ಲೇ, ಅದರ ಮೇಲೇ ಇಟ್ಟರು.

ವಚನ ಕೆತ್ತಿದೆ. ಸಭೆ ಅಂತ ಕೆತ್ತಿ
ಅದರ ಹಿಂದೆ ಎರಡಕ್ಷರದ ಜಾಗ ಖಾಲಿ ಬಿಟ್ಟೆ.
ಬೀಗದಕೈ ಇಲ್ಲ, ಪುಸ್ತಕ ಇಲ್ಲ;
ಶಿಲುಬೆ ಮಾತ್ರ ಸಣ್ಣದೊಂದು, ಅಂಚಿನಲ್ಲಿ,
ಗೀರು ಅಂದರೆ ಗೀರು.
ಮೂವರೂ ಬೈದರು, ಮೂವರೂ ಹಣ ಕೊಟ್ಟರು.
ಇನ್ನಾಸಪ್ಪ ನೂರು ಕಡಿಮೆ.

ಈ ಕೆತ್ತುವಾಗ ಕೈ ನಿಂತದ್ದು ನಿಜ.
ನೆನಪಾಯಿತು: ಯಾರಾದರೂ ದಾರಿ ಕೇಳಿದರೆ
ರಾಯಪ್ಪ ಇಡೀ ಅಂಗೈ ಚಾಚಿ
‘ಈ ಕಡೆ’ ಅನ್ನುತ್ತಿದ್ದ.
ಕೇಳಿದವರು ನಾಲ್ಕು ಹೆಜ್ಜೆ ಹೋಗಿ, ನಿಂತು,
ತಿರುಗಿ ಬಂದು ಕೇಳುತ್ತಿದ್ದರು,
ಯಾವ ಕಡೆ?